ಬೈಕಿಗೆ ಹೊಸ ಪಿಸ್ಟನ್ ಹಾಕಿದ ಮೇಲೂ ಹೊಗೆ, ಸದ್ದು, ಜಾಮ್: ದೋಷ ಹುಡುಕುವ ಬಗೆ, ಕೈಯಾರೆ ಮಾಡಿಕೊಳ್ಳುವ ಹತ್ಯಾರಗಳು (ಸಾಧನಗಳು)

ಹೋದ ವರ್ಷ ತೊಗರಿ ರಾಶಿ ಮುಗಿಯುವ ಹೊತ್ತಿಗೆ ಜೇವರ್ಗಿ ಕಡೆಯ ರೈತರೊಬ್ಬರು ತಮ್ಮ ಸ್ಪ್ಲೆಂಡರ್ ತಂದು ನನ್ನ ಗ್ಯಾರೇಜ್ ಮುಂದೆ ನಿಲ್ಲಿಸಿದರು. ಗಾಡಿ ಬಂದ್ ಮಾಡುವ ಮೊದಲೇ ಸುಟ್ಟ ಆಯಿಲ್ ವಾಸನೆ ಮೂಗಿಗೆ ಬಡಿಯಿತು. "ಅಣ್ಣಾ, ಹೊಸಾ ಪಿಸ್ಟನ್ ಹಾಕ್ಸಿ ಇನ್ನಾ ಇಪ್ಪತ್ತ ದಿನ ಆಗಿಲ್ರಿ. ಹಿಂದ ಬರೋರಿಗಿ ದಾರಿನೇ ಕಾಣಲಾರದಂಗ ಹೊಗಿ ಬಿಡ್ಲತದ" ಅಂದರು. ಕೆಲಸ ಬೇರೆ ಕಡೆ ಮಾಡಿಸಿದ್ದರು. ಸಾಮಾನು ಕಂಪನಿಯದೇ, ಖಾಲಿ ಡಬ್ಬಿಯನ್ನೂ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದರು.

ಕಲಬುರಗಿಯಲ್ಲಿ ಇಂಥ ಗಾಡಿ ನನ್ನ ಹತ್ತಿರ ತಿಂಗಳಿಗೆ ಎರಡು ಮೂರಾದರೂ ಬರುತ್ತವೆ. ಎಲ್ಲರೂ ಮೊದಲು ಬೈಯುವುದು ಮಾಲನ್ನು, "ಡುಪ್ಲಿಕೇಟ್ ಕೊಟ್ಟಾರ" ಅಂತ. ಬಿಚ್ಚಿ ನೋಡಿದರೆ ಜಾಸ್ತಿ ಸಲ ಮಾಲು ಸರಿಯಾಗೇ ಇರುತ್ತದೆ. ತಪ್ಪು ಆಗಿರುವುದು ಬ್ಲಾಕನ್ನು, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರನ್ನು, ಪಿಸ್ಟನ್ ಮೇಲೆ ಏರಿಸುವ ಹತ್ತು ನಿಮಿಷದಲ್ಲಿ. ಪಿಸ್ಟನ್ ಸುತ್ತ ಬಳೆಯಂತೆ ಕೂರುವ ರಿಂಗ್‌ಗಳನ್ನು ಬೆರಳಿಂದ ಒತ್ತಿ, ಬ್ಲಾಕ್ ಅಲುಗಾಡಿಸಿ, ಕೊನೆಗೆ ಅಂಗೈಯಿಂದ ಗುದ್ದಿ ಕೂರಿಸಿರುತ್ತಾರೆ. ಒಂದು ತಗಡಿನ ಪಟ್ಟಿ, ಒಂದು ಕಟ್ಟಿಗೆ ತುಂಡು ಕೈಯಲ್ಲಿದ್ದರೆ ಆ ತಪ್ಪು ಆಗುವುದಿಲ್ಲ. ಅದಕ್ಕೇ ಇಲ್ಲಿ ಎರಡೂ ಒಟ್ಟಿಗೆ ಬರೆದಿದ್ದೇನೆ: ತಪ್ಪು ಎಲ್ಲಾಗಿದೆ ಅಂತ ಹುಡುಕುವುದು ಹೇಗೆ, ಮತ್ತೆ ಆಗದಂತೆ ಹತ್ಯಾರ ಮಾಡಿಕೊಳ್ಳುವುದು ಹೇಗೆ.

ಬಿಚ್ಚುವ ಮೊದಲು

ಮೊದಲು ಒಂದು ಮಾತು. ಇಂಜಿನ್ ಕಟ್ಟುವಾಗ ಪಿಸ್ಟನ್‌ಗೆ, ಬೋರಿಗೆ (ಬ್ಲಾಕಿನ ಒಳಗಿನ ದುಂಡು ತೂತಿಗೆ) ಆಯಿಲ್ ಸವರಿರುತ್ತೇವೆ. ಅದು ಸುಡುವ ತನಕ ಹೊಗೆ ಬರಲೇಬೇಕು. ಅದಕ್ಕಿಂತ ದೊಡ್ಡದು ಸೈಲೆನ್ಸರ್. ಹಳೆ ಪಿಸ್ಟನ್ ತಿಂಗಳುಗಟ್ಟಲೆ ಉಗುಳಿದ ಆಯಿಲ್ ಅದರೊಳಗೆ ಕೂತಿರುತ್ತದೆ. ಕಾದಾಗ ಅದೂ ಹೊಗೆಯಾಗಿ ಬರುತ್ತದೆ. ಹಾಗಾಗಿ ಮೊದಲ 20-30 ಕಿಲೋಮೀಟರ್ ಹೊಗೆ ನೋಡಿ ಗಾಬರಿಯಾಗಿ ಮತ್ತೆ ಬಿಚ್ಚಬೇಡಿ. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಬಿಟ್ಟುಬಿಡಿ. ಕಡಿಮೆಯಾಗದೆ, ಆಯಿಲ್ ಅಳೆಯುವ ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿಯುತ್ತಿದ್ದರೆ ಮಾತ್ರ ಮುಂದಿನ ಕೆಲಸ.

ಹೊಗೆ ಯಾವಾಗ ಬರುತ್ತದೆ ಅಂತ ನೋಡಿ. ಬೆಳಿಗ್ಗೆ ಚಾಲೂ ಮಾಡಿದಾಗ ಒಂದು ಸಲ ಭುಸ್ ಅಂದು ನಿಂತರೆ ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್) ಹೋಗಿದೆ. ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟು, ಮತ್ತೆ ಕೊಟ್ಟಾಗ ಬಂದರೆ ವಾಲ್ವ್ ಸೀಲ್ ಇಲ್ಲವೇ ಗೈಡ್ (ವಾಲ್ವ್ ಓಡಾಡುವ ಕೊಳವೆ). ಎಕ್ಸಲೇಟರ್ ಕೊಟ್ಟಷ್ಟೂ ನೀಲಿ ಹೊಗೆ, ಏರಿನಲ್ಲಿ ಇನ್ನೂ ಜಾಸ್ತಿ, ಹೀಗಿದ್ದರೆ ರಿಂಗ್. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿಯಾಗಿದ್ದಕ್ಕೆ. ಅದಕ್ಕೂ ಪಿಸ್ಟನ್‌ಗೂ ಸಂಬಂಧವಿಲ್ಲ, ಕಾರ್ಬ್ಯುರೇಟರ್ ನೋಡಿ. ಚಳಿಗಾಲದ ಬೆಳಿಗ್ಗೆ ಬರುವ ಬಿಳಿ ಹಬೆ ಬರೀ ನೀರು, ಐದು ನಿಮಿಷಕ್ಕೆ ಹೋಗುತ್ತದೆ.

ಆಮೇಲೆ ಕಿಕ್ಕರ್ ಮೇಲೆ ನಿಧಾನವಾಗಿ ಭಾರ ಹಾಕಿ. ಒಳ್ಳೆ ಇಂಜಿನ್‌ನಲ್ಲಿ ಕಿಕ್ಕರ್ ಒಂದು ಕಡೆ ಬಿಗಿಯಾಗಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ನಿಂತು ಆಮೇಲೆ ಇಳಿಯುತ್ತದೆ. ಹೋಗಿರುವ ಇಂಜಿನ್‌ನಲ್ಲಿ ಬೆಣ್ಣೆಗೆ ಬೆರಳು ಹಾಕಿದ ಹಾಗೆ ಜಾರಿ ಹೋಗುತ್ತದೆ. ಪ್ಲಗ್ ತೆಗೆದು ಒಂದು ಚಮಚೆ, ಅಂದರೆ ಸುಮಾರು 5 ಮಿ.ಲೀ. ಆಯಿಲ್ ಹಾಕಿ, ನಾಲ್ಕು ಸಲ ಕಿಕ್ ತಿರುಗಿಸಿ, ಪ್ಲಗ್ ಹಾಕಿ ಮತ್ತೆ ನೋಡಿ. ಬಿಗಿ ಬಂದರೆ ರಿಂಗ್ ಕಡೆ ಬೆರಳು ತೋರಿಸುತ್ತದೆ. ಬರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪದರ). ಆದರೆ ಸ್ಪ್ಲೆಂಡರ್ ಬ್ಲಾಕ್ ಮುಂದಕ್ಕೆ ಮಲಗಿರುತ್ತದೆ. ಹಾಕಿದ ಆಯಿಲ್ ಕೆಳಭಾಗದಲ್ಲೇ ನಿಲ್ಲುತ್ತದೆ, ಸುತ್ತಲೂ ಹರಡುವುದಿಲ್ಲ. ಅದಕ್ಕೆ ಈ ಗಾಡಿಯಲ್ಲಿ ಈ ಒಂದೇ ಪರೀಕ್ಷೆ ನಂಬಿ ಇಂಜಿನ್ ಬಿಚ್ಚುವುದು ನನಗೆ ಸರಿ ಕಾಣುವುದಿಲ್ಲ.

ನಾನು ನಂಬುವುದು ಪಂಪ್ ಪರೀಕ್ಷೆ. ಇದಕ್ಕೆ ಬೇಕಾದ ಹತ್ಯಾರವನ್ನು ಹಳೆ ಪ್ಲಗ್‌ನಿಂದಲೇ ಮಾಡಿಕೊಳ್ಳಬಹುದು. ನಿಮ್ಮ ಗಾಡಿಗೆ ಕೂರುವ ಹಳೆ ಪ್ಲಗ್ ತಗೊಳ್ಳಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು ಬಿಳಿ ಪಿಂಗಾಣಿ ಒಡೆದು ಪೂರ್ತಿ ತೆಗೆಯಿರಿ. ಒಳಗೆ ತೂತಾದ ಕಬ್ಬಿಣದ ಮೈ ಉಳಿಯುತ್ತದೆ. ಹಳೆ ಟ್ಯೂಬ್‌ನ ಲೋಹದ ವಾಲ್ವನ್ನು ರಬ್ಬರ್ ಬಿಡಿಸಿ ಅದರ ಮೇಲೆ ಕೂರಿಸಿ ಹಿತ್ತಾಳೆ ಬೆಸುಗೆ ಹಾಕಿಸಿ. ಟ್ಯಾಪೆಟ್ (ವಾಲ್ವ್ ಒತ್ತುವ ತಿರುಪು) ಎರಡೂ ಸಡಿಲ ಇರುವ ಹಾಗೆ ಪಿಸ್ಟನ್ ಮೇಲ್ತುದಿಗೆ ತನ್ನಿ. ಟಾಪ್ ಗೇರ್ ಹಾಕಿ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಕಾಲಿನ ಪಂಪ್‌ನಿಂದ 30 ಪೌಂಡ್ ಗಾಳಿ ಕೊಡಿ. 50 ಮಿ.ಮೀ. ಪಿಸ್ಟನ್ ಮೇಲೆ ಅದು ಸುಮಾರು 40 ಕಿಲೋ ಭಾರದಷ್ಟು ಒತ್ತುತ್ತದೆ. ಬ್ರೇಕ್ ಬಿಟ್ಟರೆ ಇಂಜಿನ್ ಒಮ್ಮೆಲೇ ತಿರುಗಬಹುದು, ಆದ್ದರಿಂದ ಕಿಕ್ಕರ್ ಹತ್ತಿರ ಕಾಲು, ಚೈನ್ ಹತ್ತಿರ ಕೈ ಇಡಬೇಡಿ.

ಈಗ ಕಿವಿ ಕೊಡಿ. ಕಾರ್ಬ್ಯುರೇಟರ್ ಬಾಯಲ್ಲಿ ಸುಸ್ ಅಂದರೆ ಇನ್‌ಟೇಕ್ ವಾಲ್ವ್. ಸೈಲೆನ್ಸರ್ ತುದಿಯಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್. ಹೆಡ್ ಸಂದಿಗೆ ಸೋಪಿನ ನೀರು ಬಳಿದಾಗ ಗುಳ್ಳೆ ಬಂದರೆ ಗ್ಯಾಸ್ಕೆಟ್. ಡಿಪ್‌ಸ್ಟಿಕ್ ತೂತಿಗೆ ಕಿವಿ ಇಟ್ಟಾಗ ಗಾಳಿ ಬಂದರೆ ರಿಂಗ್ ಅಥವಾ ಬೋರ್. ಅಲ್ಲಿ ಸ್ವಲ್ಪ ಗಾಳಿ ಯಾವಾಗಲೂ ಬರುತ್ತದೆ, ಯಾಕಂದರೆ ರಿಂಗ್‌ಗೆ ಸಂದಿ ಇದ್ದೇ ಇರುತ್ತದೆ. ಒಂದು ಒಳ್ಳೆ ಇಂಜಿನ್ ಮೇಲೆ ಮೊದಲು ಮಾಡಿ ಕಿವಿಗೆ ರೂಢಿ ಮಾಡಿಸಿಕೊಳ್ಳಿ. ಆ ರೈತರ ಗಾಡಿಯಲ್ಲಿ ಡಿಪ್‌ಸ್ಟಿಕ್ ತೂತಿನಿಂದ ಗಾಳಿ ಕೆನ್ನೆಗೆ ತಾಕುವಷ್ಟು ಬರುತ್ತಿತ್ತು.

ಸದ್ದಿನ ವಿಷಯ

ಉದ್ದ ಸ್ಕ್ರೂ ಡ್ರೈವರ್‌ನ ತುದಿ ಬ್ಲಾಕ್ ಮೇಲೆ, ಹಿಡಿಕೆ ಕಿವಿ ಮೇಲೆ. ತಣ್ಣಗಿದ್ದಾಗ ಟಕ್ ಟಕ್ ಅಂದು, ಕಾದ ಮೇಲೆ ಕಡಿಮೆಯಾದರೆ ಪಿಸ್ಟನ್‌ಗೂ ಬೋರಿಗೂ ಸಂದಿ ಜಾಸ್ತಿಯಾಗಿದೆ. ಬೋರ್ ಹೊಡೆಸುವಾಗಲೇ (ತೂತನ್ನು ಕೊರೆದು ದೊಡ್ಡದು ಮಾಡಿಸುವಾಗಲೇ) ಅಳತೆ ತಪ್ಪಿದೆ ಅಂತ ಅರ್ಥ. ಕಾದ ಮೇಲೂ ಹಾಗೇ ಇದ್ದು, ಒಂದೊಂದು ಸುತ್ತಿಗೂ ಎರಡೆರಡು ಸಲ ಬಡಿದ ಹಾಗೆ ಕೇಳಿದರೆ ಪಿಸ್ಟನ್ ಪಿನ್ ಅಥವಾ ಆ ಪಿನ್ ಕೂರುವ ಕನೆಕ್ಟಿಂಗ್ ರಾಡ್‌ನ ಸಣ್ಣ ಕಣ್ಣು. ಮೇಲೆ ಹೆಡ್‌ನಲ್ಲೇ ಕೇಳಿದರೆ ಟ್ಯಾಪೆಟ್. ಹೆಡ್ ಒಳಗೆ ಆಯಿಲ್ ಹತ್ತದೆ ರಾಕರ್ ಒಣಗಿದ ಸದ್ದು ಬಂದರೆ, ಕಟ್ಟುವಾಗ ಆಯಿಲ್ ದಾರಿಯ ಓ-ರಿಂಗ್ ಅಥವಾ ಡೋವೆಲ್ (ಜೋಡಣೆ ನೇರ ಕೂರಿಸುವ ಸಣ್ಣ ಕೊಳವೆ) ಬಿಟ್ಟಿದ್ದಾರಾ ನೋಡಿ. ಇದು ಕಂಡಿದ್ದೇನೆ, ಬ್ಲಾಕ್ ಸಂದಿಯಲ್ಲಿ ಇರಬೇಕಾದ ಡೋವೆಲ್ ತೊಳೆಯುವ ಡಬ್ಬಿಯಲ್ಲೇ ಉಳಿದಿರುತ್ತದೆ.

ಪಿಸ್ಟನ್ ಉಲ್ಟಾ ಹಾಕಿದರೂ ಸದ್ದು ಬರುತ್ತದೆ. ಸ್ಪ್ಲೆಂಡರ್ ಪಿಸ್ಟನ್ ತಲೆ ಮೇಲೆ "ಇನ್" ಅಂತ ಗುರುತು ಇರುತ್ತದೆ, ಅದು ಕಾರ್ಬ್ಯುರೇಟರ್ ಕಡೆಗೆ, ಅಂದರೆ ಮೇಲಕ್ಕೆ ಬರಬೇಕು. ಇನ್‌ಟೇಕ್ ವಾಲ್ವ್ ದೊಡ್ಡದು, ಪಿಸ್ಟನ್ ತಲೆಯಲ್ಲಿ ಅದಕ್ಕಿರುವ ಗುಳಿಯೂ ದೊಡ್ಡದು. ಉಲ್ಟಾ ಆದರೆ ದೊಡ್ಡ ವಾಲ್ವ್ ಸಣ್ಣ ಗುಳಿಗೆ ಬರುತ್ತದೆ.

ಬಿಚ್ಚಿದಾಗ ಕಂಡದ್ದು

ಹೆಡ್ ತೆಗೆದೆ, ಬ್ಲಾಕ್ ಎಳೆದೆ. ಮೇಲಿನ ರಿಂಗ್ ಸರಿ. ಎರಡನೆಯದೂ ಸರಿ, ಗುರುತು ಮೇಲಕ್ಕೇ ಇತ್ತು. ಮೂರನೆಯದು ಆಯಿಲ್ ರಿಂಗ್. ಇದು ಒಂದು ರಿಂಗ್ ಅಲ್ಲ, ಮೂರು ತುಂಡು. ನಡುವೆ ಅಲೆ ಅಲೆಯಾಗಿ ಮಡಿಚಿದ ಸ್ಪ್ರಿಂಗ್, ಅದರ ಮೇಲೊಂದು ಕೆಳಗೊಂದು ತೆಳ್ಳನೆ ಪಟ್ಟಿ. ಆ ಸ್ಪ್ರಿಂಗಿನ ಎರಡು ತುದಿ ಮುಖಕ್ಕೆ ಮುಖ ಕೊಟ್ಟು ನಿಲ್ಲಬೇಕು. ಇಲ್ಲಿ ಒಂದು ತುದಿ ಇನ್ನೊಂದರ ಮೇಲೆ ಹತ್ತಿ ಕೂತಿತ್ತು. ಅಷ್ಟಕ್ಕೇ ಪಟ್ಟಿ ಒಂದು ಕಡೆ ಉಬ್ಬಿದೆ. ಬ್ಲಾಕ್ ತಳ್ಳುವಾಗ ಆ ಉಬ್ಬು ಬೋರಿನ ಅಂಚಿಗೆ ಸಿಕ್ಕಿದೆ. ಮೇಲಿನ ಪಟ್ಟಿಯ ತುದಿ ಉಗುರಿನಷ್ಟು ಮಡಚಿ ಕೆಳಗೆ ಬಾಗಿತ್ತು. ಅದೇ ನೇರಕ್ಕೆ ಬೋರಿನಲ್ಲಿ ಮೇಲಿಂದ ಕೆಳಗೆ ಒಂದು ಗೀರು. ಬೆರಳಿಗೆ ತಾಕುತ್ತಿರಲಿಲ್ಲ, ಆದರೆ ಉಗುರು ಅಡ್ಡ ಎಳೆದರೆ ಟಕ್ ಅಂತ ನಿಲ್ಲುತ್ತಿತ್ತು. ಉಗುರು ನಿಂತರೆ ಆ ಬೋರ್ ಉಳಿಯುವುದಿಲ್ಲ, ಮುಂದಿನ ಸೈಜಿಗೆ ಹೋಗಲೇಬೇಕು. 0.25 ಸೈಜಿಗೆ, ಅಂದರೆ ಕಾಲು ಮಿ.ಮೀ. ದೊಡ್ಡದಾಗಿ, ಬೋರ್ ಹೊಡೆಸಿ ಹೊಸ ಪಿಸ್ಟನ್ ಹಾಕಬೇಕಾಯಿತು. ಒಂದು ಸ್ಪ್ರಿಂಗ್ ತುದಿ ಒಂದರ ಮೇಲೊಂದು ಕೂತಿದ್ದಕ್ಕೆ ಅವರಿಗೆ ಎರಡನೇ ಸಲದ ಖರ್ಚು.

ಅದನ್ನು ತೋರಿಸಿದಾಗ ಅವರು ಸುಮ್ನೆ ಬಾಗಿ ಬಾಗಿ ನೋಡಿದರು. "ಇಷ್ಟ ಸಣ್ಣದಕ್ಕಾ?" ಅಂದರು. ಬಿಸಿಲಿಗೆ ಹಿಡಿದು ಮತ್ತೆ ನೋಡಿದರು.

ಪಿಸ್ಟನ್ ಮೈ ಮೇಲಿನ ಗುರುತುಗಳನ್ನು ಓದುವುದು ಕಲಿಯಬೇಕು. ನಾಲ್ಕು ಮೂಲೆಯಲ್ಲಿ, ಅಂದರೆ ಪಿನ್‌ನ ಆಚೆ ಈಚೆ ನಾಲ್ಕು ಕಡೆ ಉಜ್ಜಿದ್ದರೆ ಪಿಸ್ಟನ್ ಬೋರಿಗಿಂತ ಬೇಗ ಉಬ್ಬಿದೆ: ಸಂದಿ ಕಡಿಮೆ ಇಟ್ಟು ಬೋರ್ ಹೊಡೆದಿದ್ದಾರೆ, ಇಲ್ಲವೇ ತಣ್ಣಗಿದ್ದಾಗಲೇ ಜೋರಾಗಿ ಓಡಿಸಿದ್ದಾರೆ. ಪಿಸ್ಟನ್‌ನ ಅಲ್ಯೂಮಿನಿಯಂ ಬಿಸಿಗೆ ಬೋರಿನ ಬೀಡುಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ, ಅದಕ್ಕೇ ಈ ಸಂದಿ ಇಡುವುದು. ಪಿನ್‌ನ ತುದಿ ಇರುವ ನೇರದಲ್ಲಿ ಬೋರಿಗೆ ಆಳದ ಕಾಲುವೆ ಬಿದ್ದಿದ್ದರೆ ಪಿನ್ ಹಿಡಿದಿಡುವ ತಂತಿ ಲಾಕ್ ಹಾರಿದೆ. ರಿಂಗ್ ತುದಿಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಸಂದಿ ಸಾಲದೆ ಒಂದಕ್ಕೊಂದು ಗುದ್ದಿಕೊಂಡಿವೆ. ಬೋರ್ ಪೂರ್ತಿ ಗಾಜಿನಂತೆ ನುಣುಪಾಗಿ, ಗೀಟುಗಳಿಲ್ಲದೆ ಇದ್ದರೆ ಹಳೆ ಬೋರಿಗೆ ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಣ್ಣ ಗೀಟು ಹಾಕುವುದು) ಮಾಡದೆ ಹೊಸ ರಿಂಗ್ ಹಾಕಿದ್ದಾರೆ, ರಿಂಗ್ ಕೂತಿಲ್ಲ. ಬೋರ್, ಪಿಸ್ಟನ್ ಎರಡೂ ಸುತ್ತಲೂ ಮಂಕಾಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಹೋನಿಂಗ್ ಪುಡಿಯನ್ನು ತೊಳೆದಿಲ್ಲ. ಪೆಟ್ರೋಲಿನಲ್ಲಿ ತೊಳೆದರೆ ಆ ಪುಡಿ ಹೋಗುವುದಿಲ್ಲ. ಬಿಸಿ ನೀರು, ಸೋಪು, ಬ್ರಷ್. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಒರೆಸಿ ನೋಡಿ, ಬಟ್ಟೆ ಬೂದಿ ಬಣ್ಣಕ್ಕೆ ಬಂದರೆ ಮತ್ತೆ ತೊಳೆಯಿರಿ. ನಾನು ಮೂರು ಸಲವಾದರೂ ತೊಳೆಯುತ್ತೇನೆ.

ತಗಡಿನ ಪಟ್ಟಿ

ಕಾರಿನಲ್ಲಿ ಪಿಸ್ಟನ್ ಮೇಲಿಂದ ಬೋರಿಗೆ ಇಳಿಯುತ್ತದೆ, ರಿಂಗ್ ಒತ್ತಿ ಹಿಡಿಯುವ ಕಂಪ್ರೆಸರ್ ಮೇಲೆಯೇ ಉಳಿಯುತ್ತದೆ, ಎತ್ತಿ ಇಟ್ಟರೆ ಆಯಿತು. ಬೈಕಿನಲ್ಲಿ ಪಿಸ್ಟನ್ ಮೊದಲೇ ರಾಡಿಗೆ ಕೂತಿರುತ್ತದೆ, ಅದರ ಮೇಲೆ ಬ್ಲಾಕ್ ಬರುತ್ತದೆ. ರಿಂಗ್ ಒಳಗೆ ಹೋದ ಮೇಲೆ ಕಂಪ್ರೆಸರ್ ಬ್ಲಾಕ್ ಕೆಳಗೆ, ರಾಡ್ ಸುತ್ತ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಬಿಚ್ಚಿಕೊಂಡು ಹೊರಬರುವಂಥದ್ದೇ ಬೇಕು. ಕಾರಿನದ್ದು ತಂದು ಒದ್ದಾಡುವವರನ್ನು ನೋಡಿದ್ದೇನೆ.

ಅಡುಗೆ ಎಣ್ಣೆಯ 15 ಕಿಲೋ ಡಬ್ಬಿಯ ತಗಡು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೆಳು, ಆದರೆ ಗಟ್ಟಿ. 50 ಮಿ.ಮೀ. ಪಿಸ್ಟನ್‌ನ ಸುತ್ತಳತೆ 157 ಮಿ.ಮೀ. ಪಟ್ಟಿಯನ್ನು 150 ಉದ್ದ, 25 ಅಗಲ ಕತ್ತರಿಸಿ. ಸುತ್ತಿದಾಗ ತುದಿಗಳ ನಡುವೆ 7 ಮಿ.ಮೀ. ಬಿಟ್ಟಿರಬೇಕು. ಒಂದರ ಮೇಲೊಂದು ಬಂದರೆ ಒಳಗೆ ಮೆಟ್ಟಿಲಾಗುತ್ತದೆ, ಆ ಮೆಟ್ಟಿಲಿಗೆ ರಿಂಗ್ ಸಿಗುತ್ತದೆ. ಅಂಚನ್ನೆಲ್ಲ ಸಣ್ಣ ಅರದಿಂದ ಉಜ್ಜಿ, ಆಮೇಲೆ ಎಮರಿ ಕಾಗದದಿಂದ ಉಜ್ಜಿ. ಒಳಮೈ ಮೇಲೆ ಬೆರಳು ಆಡಿಸಿದರೆ ಎಲ್ಲೂ ತಡೆಯಬಾರದು. ಯಾವುದಾದರೂ ಅದೇ ಗಾತ್ರದ ಪೈಪಿನ ಮೇಲೆ ಸುತ್ತಿ ಒಂದು ರಾತ್ರಿ ಕಟ್ಟಿಟ್ಟರೆ ದುಂಡಗೆ ನಿಲ್ಲುತ್ತದೆ.

ಇದರ ಮೇಲೆ ನೀರಿನ ಪೈಪಿಗೆ ಹಾಕುವ ಸ್ಕ್ರೂ ಇರುವ ಹೋಸ್ ಕ್ಲಿಪ್. ಬರೀ ಕ್ಲಿಪ್ಪನ್ನೇ ರಿಂಗ್ ಮೇಲೆ ಹಾಕಬೇಡಿ, ಅದರ ಸೀಳುಗಳಿಗೆ ರಿಂಗ್ ತುದಿ ಸಿಗುತ್ತದೆ. ತಗಡಿನ ಒಳಗೆ ಆಯಿಲ್ ಸವರಿ ಮೂರೂ ರಿಂಗ್ ಮುಚ್ಚುವಂತೆ ಸುತ್ತಿ, ಕ್ಲಿಪ್ ಬಿಗಿ ಮಾಡಿ. ಎಷ್ಟು ಬಿಗಿ ಅನ್ನುವುದೇ ಇದರ ಗುಟ್ಟು. ರಿಂಗ್ ಪೂರ್ತಿ ಒಳಗೆ ಹೋಗಬೇಕು, ಆದರೆ ಎರಡು ಹೆಬ್ಬೆರಳಿಂದ ತಳ್ಳಿದರೆ ಪಟ್ಟಿ ಪಿಸ್ಟನ್ ಮೇಲೆ ಜಾರಬೇಕು. ಜಾರದಿದ್ದರೆ ಅರ್ಧ ಸುತ್ತು ಸಡಿಲ ಮಾಡಿ. ಈಗ ಬ್ಲಾಕ್ ಬಂದು ಪಟ್ಟಿಯ ಅಂಚಿಗೆ ತಾಕುತ್ತದೆ, ಪಟ್ಟಿಯನ್ನು ಹಿಂದಕ್ಕೆ ತಳ್ಳುತ್ತಾ ರಿಂಗ್‌ಗಳನ್ನು ಒಂದೊಂದಾಗಿ ನುಂಗುತ್ತದೆ. ಸಣ್ಣ ಕ್ಲಿಕ್, ಇನ್ನೊಂದು ಕ್ಲಿಕ್. ಕೊನೆಯದು ಹೋದ ಮೇಲೆ ಕ್ಲಿಪ್ ಪೂರ್ತಿ ಬಿಚ್ಚಿ, ಪಟ್ಟಿ ಎಳೆದುಬಿಡಿ.

ನನಗೆ ಕೆಲಸ ಕಲಿಸಿದ ಉಸ್ತಾದರು ಬ್ಲಾಕ್ ಹಿಡಿದ ನನ್ನ ಕೈ ಮೇಲೆ ಕೈ ಇಟ್ಟು ಹೇಳುತ್ತಿದ್ದರು: "ಬೇಟಾ, ಬ್ಲಾಕಿಗಿ ಜೋರ್ ಮಾಡಬ್ಯಾಡ. ಹೋಗಲಿಲ್ಲಂದ್ರ ರಿಂಗ್ ಹಿಡದದ ಅಂತ ತಿಳ್ಕೊ. ವಾಪಸ್ ತಗಿ, ನೋಡು, ಮತ್ತ ಹಾಕು." ಈಗ ನನ್ನ ಕೈ ಕೆಳಗಿನ ಹುಡುಗರಿಗೆ ನಾನೂ ಇದನ್ನೇ ಹೇಳುತ್ತೇನೆ.

ರಿಂಗ್ ತುದಿಗಳನ್ನು ಪಟ್ಟಿ ಸುತ್ತುವ ಮೊದಲು ಜೋಡಿಸಿ. ಮೂರರ ಸಂದಿ ಸುತ್ತಲೂ ಸಮನಾಗಿ, 120 ಡಿಗ್ರಿ ದೂರ. ಆಯಿಲ್ ರಿಂಗಿನ ಎರಡು ಪಟ್ಟಿಗಳ ಸಂದಿ ನಡುವಿನ ಸ್ಪ್ರಿಂಗ್ ತುದಿಯಿಂದ 20 ಮಿ.ಮೀ. ಆದರೂ ಆಚೆ ಈಚೆ ಇರಲಿ. ಎಲ್ಲ ಆದ ಮೇಲೆ ಸ್ಪ್ರಿಂಗ್ ತುದಿ ಮತ್ತೆ ನೋಡಿ. ಬೇಕಿದ್ದರೆ ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ ನೋಡಿ.

ಕಟ್ಟಿಗೆ ತುಂಡು, ಪೈಪ್ ತುಂಡು

ಸ್ಪ್ಲೆಂಡರ್‌ನಲ್ಲಿ ಬ್ಲಾಕ್ ಮಲಗಿರುವುದರಿಂದ ಪಿಸ್ಟನ್ ತನ್ನ ಭಾರಕ್ಕೇ ತೂಗುತ್ತದೆ. ಒಂದು ಕೈಯಲ್ಲಿ ಪಿಸ್ಟನ್, ಒಂದು ಕೈಯಲ್ಲಿ ಬ್ಲಾಕ್, ವಾಲ್ವ್ ನಡೆಸುವ ಟೈಮಿಂಗ್ ಚೈನ್ ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಚೈನಿಗೆ ಬೈಂಡಿಂಗ್ ತಂತಿ ಕಟ್ಟಿ ಬ್ಲಾಕ್ ದಾರಿಯಿಂದ ಹೊರಗೆ ಎಳೆದು ಸ್ಟಡ್‌ಗೆ ಸುತ್ತಿ. ಪಿಸ್ಟನ್‌ಗೆ ಒಂದು ಕಟ್ಟಿಗೆ ತುಂಡು. ಬೇವು, ಜಾಲಿ ಯಾವುದಾದರೂ ನಡೆಯುತ್ತದೆ. 12 ಮಿ.ಮೀ. ದಪ್ಪ, ಅಂಗೈಯಷ್ಟು ಉದ್ದ. ಒಂದು ತುದಿಯಿಂದ ನಡುವಿನ ತನಕ ರಾಡ್ ಸಲೀಸಾಗಿ ಹೋಗುವಷ್ಟು ಅಗಲ ಸೀಳಿ. ಕವಣೆ ಕವಲಿನಂತೆ ಕಾಣುತ್ತದೆ. ಅದನ್ನು ರಾಡ್ ಸುತ್ತ, ಬ್ಲಾಕ್ ಕೂರುವ ಕ್ರ್ಯಾಂಕ್‌ಕೇಸ್ ಬಾಯಿ ಮೇಲೆ ಇಟ್ಟು, ಇಂಜಿನ್ ನಿಧಾನ ತಿರುಗಿಸಿದರೆ ಪಿಸ್ಟನ್‌ನ ಕೆಳ ಅಂಚು ಬಂದು ಕಟ್ಟಿಗೆ ಮೇಲೆ ನೇರ ಕೂರುತ್ತದೆ, ಅಲುಗುವುದಿಲ್ಲ. ದಪ್ಪ ಎಲ್ಲ ಕಡೆ ಒಂದೇ ಇರಲಿ, ಸಿಬಿರು ಇರದಂತೆ ಉಜ್ಜಿ.

ಪಿಸ್ಟನ್ ಪಿನ್ ಹೊರಗೆ ತೆಗೆಯಲು ಸುತ್ತಿಗೆ ಎತ್ತುವವರಿದ್ದಾರೆ. ಆ ಪೆಟ್ಟು ರಾಡಿಗೆ ಬೀಳುತ್ತದೆ. ರಾಡ್ ಕೂದಲಷ್ಟು ಬಾಗಿದರೂ ಹೊಸ ಪಿಸ್ಟನ್ ಒಂದೇ ಮಗ್ಗುಲಿಗೆ ಸವೆಯುತ್ತದೆ. ಅರ್ಧ ಇಂಚಿನ ಜಿಐ ಪೈಪಿನ 50 ಮಿ.ಮೀ. ತುಂಡು ಕತ್ತರಿಸಿ. ಅದರ ಒಳ ಅಳತೆ ಸುಮಾರು 16 ಮಿ.ಮೀ., ಸ್ಪ್ಲೆಂಡರ್‌ನ 13 ಮಿ.ಮೀ. ಪಿನ್ ಅದರೊಳಗೆ ಸರಾಗ ಬರುತ್ತದೆ. ಪೈಪಿನ ಒಂದು ಬಾಯಿಯನ್ನು ಪಿಸ್ಟನ್ ದುಂಡಿಗೆ ಹೊಂದುವಂತೆ ಅರದಿಂದ ಕೊರೆದು, ಹಳೆ ಟ್ಯೂಬ್ ರಬ್ಬರ್ ಅಂಟಿಸಿ. 6 ಮಿ.ಮೀ. ದಪ್ಪದ ಉದ್ದನೆ ಬೋಲ್ಟನ್ನು ಪಿನ್ ಒಳಗಿಂದ ತೂರಿಸಿ. ಆಚೆ ತುದಿಗೆ ಪಿನ್‌ಗಿಂತ ಸ್ವಲ್ಪ ಸಣ್ಣ ವಾಷರ್, ಈಚೆ ಕಡೆ ಪೈಪ್, ಅದರ ಮೇಲೆ ದೊಡ್ಡ ವಾಷರ್ ಮತ್ತು ನಟ್. ಪಾನಾದಿಂದ ನಟ್ ತಿರುಗಿಸಿದರೆ ಪಿನ್ ತಾನಾಗಿ ಪೈಪ್ ಒಳಗೆ ಬರುತ್ತದೆ.

ಹಾಕುವಾಗ ಇದೂ ಬೇಡ. ಪಿಸ್ಟನ್ ಬಿಸಿ ಮಾಡಿದರೆ ಸಾಕು. ಒಂದು ಪಾತ್ರೆ ನೀರು ಕುದಿಸಿ ಅದರಲ್ಲಿ ಐದು ನಿಮಿಷ ಬಿಡಿ. 13 ಮಿ.ಮೀ. ತೂತು 0.02 ಮಿ.ಮೀ. ಹಿಗ್ಗುತ್ತದೆ. ಓದಲು ಸಣ್ಣ ಅಂಕಿ, ಆದರೆ ಬಿಗಿ ಇದ್ದ ಪಿನ್ ಬೆರಳಿಗೇ ಜಾರಿ ಹೋಗುತ್ತದೆ. ನಮ್ಮ ಉಸ್ತಾದರು ರೊಟ್ಟಿ ಹಂಚಿನ ಮೇಲೆ ಉಸುಕು ಹಾಕಿ ಅದರಲ್ಲಿ ಪಿಸ್ಟನ್ ಇಡುತ್ತಿದ್ದರು. ನನಗೆ ನೀರೇ ಇಷ್ಟ, ಎಷ್ಟು ಕುದಿಸಿದರೂ 100 ಡಿಗ್ರಿ ದಾಟುವುದಿಲ್ಲ, ಉಸುಕಿನ ಕಣ ರಿಂಗ್ ತೋಡಿನಲ್ಲಿ ಕೂರುವ ಭಯವೂ ಇಲ್ಲ. ತೆಗೆದ ತಕ್ಷಣ ಒರೆಸಿ, ಆಯಿಲ್ ಸವರಿ, ಪಿನ್ ಹಾಕಿ.

ಲಾಕ್ ಹಾಕುವ ಮೊದಲು ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ. ಲಾಕ್ ಒಳಗೆ ಬಿದ್ದರೆ ಸೈಕಲ್ ಕಡ್ಡಿ ತುದಿಗೆ ಸಣ್ಣ ಅಯಸ್ಕಾಂತ ಕಟ್ಟಿ ಎತ್ತಿ. ಸಿಗುವ ತನಕ ಕಿಕ್ಕರ್ ಮುಟ್ಟಬೇಡಿ. ಲಾಕ್ ಪ್ರತಿ ಸಲ ಹೊಸದೇ ಹಾಕಿ, ಹಳೆಯದರ ಸೆಡವು ಹೋಗಿರುತ್ತದೆ. ಅದರ ಬಾಯಿ ಪಿಸ್ಟನ್‌ನ ಕಚ್ಚಿಗೆ ಎದುರಾಗಿ ಬರಬಾರದು. ಕೂತ ಮೇಲೆ ಸ್ಕ್ರೂ ಡ್ರೈವರ್ ತುದಿಯಿಂದ ಸ್ವಲ್ಪ ತಿರುಗಿಸಿ ನೋಡಿ, ತೋಡಿನಲ್ಲಿ ಪೂರ್ತಿ ಕೂತಿದ್ದರೆ ಬಿಗಿಯಾಗಿ ತಿರುಗುತ್ತದೆ.

ಕೊಳ್ಳಲೇಬೇಕಾದ ಒಂದು ಹತ್ಯಾರ

ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿಗಳ ಕಟ್ಟು) ಮನೆಯಲ್ಲಿ ಮಾಡಲು ಆಗುವುದಿಲ್ಲ, ಕೊಂಡುಕೊಳ್ಳಿ. ಬ್ಲೇಡು, ಕಾಗದ ಇಟ್ಟು ಅಂದಾಜು ಮಾಡುವುದು ಬೇಡ. ರಿಂಗನ್ನು ಬರೀ ಬೋರಿಗೆ ಹಾಕಿ, ಪಿಸ್ಟನ್ ತಲೆಯಿಂದ ಇಂಚಿನಷ್ಟು ಒಳಗೆ ತಳ್ಳಿದರೆ ನೇರ ಕೂರುತ್ತದೆ. ಈಗ ತುದಿಗಳ ಸಂದಿ ಅಳೆಯಿರಿ. ಕಿಟ್ ಜೊತೆ ಅಳತೆ ಕೊಟ್ಟಿದ್ದರೆ ಅದೇ ಸರಿ. ಕೊಟ್ಟಿಲ್ಲದಿದ್ದರೆ ಪ್ರತಿ 25 ಮಿ.ಮೀ. ಬೋರಿಗೆ 0.1 ಅಂತ ಹಿಡಿಯಿರಿ, 50ಕ್ಕೆ 0.20. ಕಡಿಮೆ ಇದ್ದರೆ ಒಂದು ತುದಿ ಮಾತ್ರ ಸಣ್ಣ ಅರದಿಂದ ಹೊರಗಿನಿಂದ ಒಳಕ್ಕೆ ಉಜ್ಜಿ, ಇಲ್ಲದಿದ್ದರೆ ರಿಂಗ್ ಮೇಲಿನ ಕ್ರೋಮ್ ಲೇಪ ಎದ್ದು ಬರುತ್ತದೆ.

ಇದೇ ರಿಂಗ್ ಬೋರ್ ಸವೆತವನ್ನೂ ಹೇಳುತ್ತದೆ. ಅದೇ ರಿಂಗನ್ನು ಬೋರಿನ ಬುಡದಲ್ಲಿ, ಸವೆಯದ ಜಾಗದಲ್ಲಿ ಇಟ್ಟು ಅಳೆಯಿರಿ. ಆಮೇಲೆ ಮೇಲೆ, ಜಾಸ್ತಿ ಸವೆಯುವ ಜಾಗದಲ್ಲಿ. ವ್ಯತ್ಯಾಸವನ್ನು 3.14ರಿಂದ ಭಾಗಿಸಿ. ಸಂದಿ 0.31 ಜಾಸ್ತಿಯಾಗಿದ್ದರೆ ಬೋರ್ 0.1 ಮಿ.ಮೀ. ಸವೆದಿದೆ. ಅಷ್ಟು ಸವೆದ ಬೋರಿಗೆ ಬರೀ ರಿಂಗ್ ಬದಲಿಸಿ ಕಳಿಸಿದರೆ ಗಿರಾಕಿ ತಿಂಗಳೊಳಗೆ ವಾಪಸ್ ಬರುತ್ತಾರೆ.

ಆರ್‌ಎಕ್ಸ್ 100, ಬುಲೆಟ್

ಆರ್‌ಎಕ್ಸ್ 100 ಎರಡು ಸ್ಟ್ರೋಕಿನದು, ಬೋರ್ ಅದೇ 50. ಪಟ್ಟಿಯೂ ಅದೇ ನಡೆಯುತ್ತದೆ. ಆದರೆ ರಿಂಗ್ ತೋಡಿನಲ್ಲಿ ಸಣ್ಣ ಮೊಳೆ ಇರುತ್ತದೆ, ರಿಂಗ್ ತುದಿ ಅದರ ಎರಡು ಕಡೆ ಕೂರಬೇಕು. ಇಲ್ಲಿ 120 ಡಿಗ್ರಿ ಲೆಕ್ಕವಿಲ್ಲ. ಬ್ಲಾಕ್ ಏರಿಸುವಾಗ ಎಡಕ್ಕೆ ಬಲಕ್ಕೆ ತಿರುಗಿಸಿದಿರೋ, ರಿಂಗ್ ಮೊಳೆಯ ಮೇಲೆ ಹತ್ತುತ್ತದೆ, ಆಮೇಲೆ ಪೋರ್ಟಿಗೆ (ಬೋರಿನ ಗೋಡೆಯಲ್ಲಿರುವ ಕಿಂಡಿಗೆ) ಸಿಕ್ಕಿ ಮುರಿಯುತ್ತದೆ. ಪಿಸ್ಟನ್ ಬಾಣ ಸೈಲೆನ್ಸರ್ ಕಡೆಗೆ. ಇದರಲ್ಲಿ ಒಂದು ಅನುಕೂಲ ಉಂಟು: ಸೈಲೆನ್ಸರ್ ಬಿಚ್ಚಿ ಪೋರ್ಟ್ ಒಳಗೆ ಟಾರ್ಚ್ ಬಿಟ್ಟರೆ ರಿಂಗ್ ಕಾಣುತ್ತದೆ. ಕಟ್ಟಿಗೆ ಕಡ್ಡಿಯಿಂದ ಮೆಲ್ಲಗೆ ಒತ್ತಿ. ಸ್ಪ್ರಿಂಗಿನಂತೆ ಹೋಗಿ ಬಂದರೆ ಸರಿ, ಕಲ್ಲಿನಂತೆ ನಿಂತರೆ ಕಾರ್ಬನ್ ಹಿಡಿದಿದೆ. ಇಂಜಿನ್ ಬಿಚ್ಚದೆ ಅರ್ಧ ಉತ್ತರ ಸಿಕ್ಕಿತು, ಅಲ್ವಾ?

ಹಳೆ ಬುಲೆಟ್ 350ರ ಬೋರ್ 70, ಸ್ಟ್ರೋಕ್ 90. ಪಟ್ಟಿ 212 ಮಿ.ಮೀ. ಉದ್ದ ಬೇಕು. ಬ್ಲಾಕ್ ಭಾರ, ನೆಟ್ಟಗೆ ಇಳಿಯುತ್ತದೆ, ಜೊತೆಗೆ ಒಬ್ಬರು ಇರಲಿ.

ಮತ್ತೆ ಬಾರದಂತೆ

ಆ ರೈತರ ಗಾಡಿಯ ಮೊದಲ ಪಿಸ್ಟನ್ ಹೋಗಿದ್ದು ಯಾಕೆ ಅನ್ನುವುದು ಉಳಿದಿತ್ತು. ಕಾರ್ಬ್ಯುರೇಟರ್ ಹಿಂದಿನ ರಬ್ಬರ್ ಬೂಟ್ ಒಳಗೆ ಬೆರಳು ಹಾಕಿ ತಿರುಗಿಸಿದೆ. ಬೆರಳಿಗೆ ಕಪ್ಪು ಮಣ್ಣಿನ ಪುಡಿ ಮೆತ್ತಿಕೊಂಡು ಬಂತು. ಬೂಟ್ ಕೆಳಗಡೆ ಸೀಳಿತ್ತು. ರಾಶಿ ಟೈಮಿನಲ್ಲಿ ಹೊಲದ ದಾರಿಯ ದೂಳು, ಸೇಡಂ, ವಾಡಿ ಕಡೆಯವರಿಗೆ ಅದರ ಮೇಲೆ ಸಿಮೆಂಟ್ ದೂಳು. ಫಿಲ್ಟರ್ ಎಷ್ಟೇ ಹೊಸದಿದ್ದರೂ ಸೀಳಿನಿಂದ ದೂಳು ನೇರ ಬೋರಿಗೆ ಹೋಗುತ್ತದೆ. ಬೂಟ್ ಬದಲಿಸಿದೆ. ಹೊಸ ಪಿಸ್ಟನ್ ಹಾಕುವ ಮುಂಚೆ ಈ ಬೆರಳಿನ ಪರೀಕ್ಷೆ ಮಾಡಿಯೇ ಮಾಡಿ.

ಕಟ್ಟಿದ ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ನಾನೇ ಗಾಡಿ ತಗೊಂಡು ಜೇವರ್ಗಿ ರಸ್ತೆಯಲ್ಲಿ ಕಟ್ಟಿಸಂಗಾವಿಯ ಭೀಮಾ ಸೇತುವೆ ತನಕ ಹೋಗಿ ಬಂದೆ. ಒಂದೇ ವೇಗ ಹಿಡಿಯಲಿಲ್ಲ. ಎಕ್ಸಲೇಟರ್ ಸ್ವಲ್ಪ ಕೊಟ್ಟು, ಬಿಟ್ಟು, ಮತ್ತೆ ಕೊಟ್ಟು. ರಿಂಗ್ ಕೂರುವುದು ಹೀಗೇ. ನಿಲ್ಲಿಸಿ ಗಂಟೆಗಟ್ಟಲೆ ಚಾಲೂ ಬಿಟ್ಟರೆ ಕೂರುವುದಿಲ್ಲ, ನಮ್ಮ ಬೇಸಿಗೆಯಲ್ಲಿ ಗಾಳಿ ಸಿಗದೆ ಇಂಜಿನ್ ಕಾದು ಕೆಂಡವಾಗುತ್ತದೆ. ಹೋಗುವಾಗ ಸೈಲೆನ್ಸರ್ ಹೊಗೆ ಬಿಡುತ್ತಿತ್ತು, ಬರುವಾಗ ನಿಂತಿತ್ತು.

500 ಕಿಲೋಮೀಟರ್‌ಗೆ ಅವರು ಬಂದರು. ಆಯಿಲ್ ಬಿಸಿ ಇರುವಾಗಲೇ ಇಳಿಸಿ, ಬಿಳಿ ಪ್ಲಾಸ್ಟಿಕ್ ಮುಚ್ಚಳಕ್ಕೆ ಸ್ವಲ್ಪ ಹಾಕಿ ಬಿಸಿಲಿಗೆ ಹಿಡಿದೆವು. ಅವರೂ ಬಾಗಿ ನೋಡಿದರು. ಬೆಳ್ಳಿ ಪುಡಿ ಕಲಸಿದಂತೆ ಸಣ್ಣ ಹೊಳಪು ಇತ್ತು, ಹೊಸ ರಿಂಗ್ ಕೂರುವಾಗ ಅಷ್ಟು ಬರುತ್ತದೆ. ಎರಡು ಬೆರಳ ನಡುವೆ ಉಜ್ಜಿದಾಗ ಕೈಗೆ ಏನೂ ತಾಕಲಿಲ್ಲ. ತುಣುಕು ತಾಕಿದ್ದರೆ ಅವತ್ತೇ ಹೆಡ್ ಬಿಚ್ಚುತ್ತಿದ್ದೆ. ಹೊಸ ಆಯಿಲ್ ಹಾಕಿ, ಡಿಪ್‌ಸ್ಟಿಕ್ ಒರೆಸಿ ಅಳತೆ ತೋರಿಸಿ, ವಾರಕ್ಕೊಮ್ಮೆ ನೀವೇ ನೋಡ್ರಿ ಅಂತ ಹೇಳಿ ಕಳಿಸಿದೆ.